ಕಟ್ಟಿದ ಮೇಲೆ ಬಿಚ್ಚುವಂತಿಲ್ಲ

ಲೋಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಂಡರೆ ಆಗುವುದಿಲ್ಲ. ಕೆಲವರಿಗೆ ಜಿರಲೆ, ಕೆಲವರಿಗೆ ನಾದಿನಿ. ನಮ್ಮ ವೈರಿಂಗ್ ಮೇಸ್ತ್ರಿಗೆ ಕಂಡರಾಗದ್ದು ಜೋತಾಡುವ ವೈರು. ಗೋಡೆಯ ಮೇಲೆ ಎಲ್ಲಾದರೂ ಒಂದು ವೈರು ಹೊಟ್ಟೆ ಬಿಟ್ಟುಕೊಂಡು ನೇತಾಡುತ್ತಿದ್ದರೆ ಸಾಕು, ಅವರ ಬಲಗೈ ತಾನಾಗಿಯೇ ಪ್ಯಾಂಟಿನ ಹಿಂಜೇಬಿಗೆ ಹೋಗುತ್ತಿತ್ತು. ಆ ಜೇಬಿನಲ್ಲಿ ಬೇರೆಯವರು ಬಾಚಣಿಗೆ ಇಟ್ಟುಕೊಳ್ಳುತ್ತಾರೆ. ಮೇಸ್ತ್ರಿ ಕೇಬಲ್ ಟೈಗಳ ಕಟ್ಟು ಇಟ್ಟುಕೊಂಡಿದ್ದರು. (ಬಾಚಲು ತಲೆಯ ಮೇಲೆ ಏನೂ ಉಳಿದಿರಲಿಲ್ಲ ಎಂಬುದು ಬೇರೆ ಮಾತು.)

ಒಮ್ಮೆ ಜ್ವರ ಬಂದು ಡಾಕ್ಟರ ಹತ್ತಿರ ಹೋಗಿದ್ದರು. ಡಾಕ್ಟರು ಬಾಯಿಗೆ ಥರ್ಮಾಮೀಟರು ಇಟ್ಟು, ಕೈ ತೊಳೆದು ಬರುತ್ತೇನೆಂದು ಒಳಗೆ ಹೋದರು. ಬಂದು ನೋಡಿದರೆ ಕುರ್ಚಿ ಖಾಲಿ. ರೋಗಿ ಮೇಜಿನ ಕೆಳಗೆ ನುಗ್ಗಿ, ಥರ್ಮಾಮೀಟರು ಕಚ್ಚಿಕೊಂಡೇ ಅಲ್ಲಿದ್ದ ವೈರುಗಳನ್ನೆಲ್ಲ ಒಟ್ಟು ಮಾಡಿ ಕಟ್ಟುತ್ತಿದ್ದಾರೆ. "ಜ್ವರ ತಲೆಗೇರಿದೆ" ಎಂದುಕೊಂಡ ಡಾಕ್ಟರು ಜೋರಿನ ಇಂಜೆಕ್ಷನ್ನನ್ನೇ ಕೊಟ್ಟರು. ಅದನ್ನು ತೆಗೆದುಕೊಂಡು ಕುಂಟುತ್ತ ಹೊರಬಂದಾಗಲೂ ಮೇಸ್ತ್ರಿಯ ಮುಖದ ಮೇಲೆ ತೃಪ್ತಿ ಇತ್ತಂತೆ.

ಕೇಬಲ್ ಟೈ ಎಂದರೆ ಮತ್ತೇನಲ್ಲ, ತೆಳ್ಳನೆಯ ಒಂದು ಪ್ಲಾಸ್ಟಿಕ್ ಪಟ್ಟಿ. ಒಂದು ಕಡೆ ಬಾಲ, ಇನ್ನೊಂದು ಕಡೆ ಕಿಂಡಿಯಿರುವ ಪುಟ್ಟ ತಲೆ. ವೈರುಗಳ ಸುತ್ತ ಬಳಸಿ, ಬಾಲವನ್ನು ತಲೆಯೊಳಗೆ ತೂರಿಸಿ ಎಳೆದರೆ ಕರ್‍ರ್ ಎಂದು ಮುಂದೆ ಹೋಗುತ್ತದೆ. ಹಿಂದಕ್ಕೆ ಬಾ ಎಂದರೆ ಬರುವುದಿಲ್ಲ. ಸಡಿಲಿಸುವ ಮಾತೇ ಇಲ್ಲ. ಬೇಡವಾದರೆ ಕತ್ತರಿಸಿ ಬಿಸಾಡಬೇಕು, ಇನ್ನೊಂದು ಹೊಸದು ಹಾಕಬೇಕು. ಆದ್ದರಿಂದ ತಿಳಿದ ವೈರ್‌ಮನ್ನುಗಳು ಮೊದಲು ಟೈಗಳನ್ನು ಸಡಿಲವಾಗಿ ತೂಗುಬಿಟ್ಟು, ಎಲ್ಲ ವೈರೂ ಬಂದಾದ ಮೇಲೆ ಒಂದೇ ಸಲ ಎಳೆದು ಬಿಗಿ ಮಾಡುತ್ತಾರೆ. ನಮ್ಮ ಮೇಸ್ತ್ರಿಗೆ ಅದು ಹೇಡಿಗಳ ಪದ್ಧತಿ. ಇವರು ಕಟ್ಟಿದಲ್ಲೇ ಬಿಗಿದು, ಬಿಗಿದಲ್ಲೇ ಬಾಲ ಕತ್ತರಿಸಿ ಮುಂದಕ್ಕೆ ಹೋಗುವವರು. "ಗಂಡಸಾದವನು ಕಟ್ಟಿದ ಮೇಲೆ ಮತ್ತೆ ಹಿಂದೆ ತಿರುಗಿ ನೋಡಬಾರದು" ಎಂಬುದು ಅವರ ಸಿದ್ಧಾಂತ. ಸೈಟಿನಲ್ಲಿ ಆ ಸಿದ್ಧಾಂತ ನಡೆಯುತ್ತಿತ್ತು. ಏಕೆಂದರೆ ಸೈಟಿನಲ್ಲಿ ಎಷ್ಟು ಪಾಯಿಂಟು, ಎಲ್ಲೆಲ್ಲಿ ಎಂದು ಇಂಜಿನಿಯರು ಮೊದಲೇ ಬರೆದುಕೊಟ್ಟ ನಕ್ಷೆ ಇರುತ್ತದೆ. ಮನೆಯಲ್ಲಿ ನಕ್ಷೆ ಇರುವುದಿಲ್ಲ, ಹೆಂಡತಿ ಇರುತ್ತಾಳೆ.

ಇನ್ನು ಆ ಮನೆಯ ವಿಚಾರ. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಊರಿನ ಕಟ್ಟಡಗಳಿಗೆಲ್ಲ ಬೆಳಕು ಕೊಟ್ಟ ಮೇಸ್ತ್ರಿಯ ಮನೆಯ ಮುಂದಿನ ಕೋಣೆಯಲ್ಲಿ ಪ್ಲಗ್ಗು ಇದ್ದದ್ದು ಒಂದೇ, ಅದೂ ಒಂದು ಕಡೆ ಒದ್ದರೆ ಕೆಲಸ ಮಾಡುವಂಥದ್ದು. ಹೆಂಡತಿ ಹೊಲಿಗೆ ಕಲಿತು, ಎರಡು ಕರೆಂಟಿನ ಮೆಷಿನ್ನು ತಂದಿಟ್ಟುಕೊಂಡಿದ್ದಳು. ಅವಕ್ಕೆ ಕರೆಂಟು ಅಡುಗೆಮನೆಯಿಂದ ಉದ್ದನೆಯ ವೈರಿನ ಮೂಲಕ ನೆಲದ ಮೇಲೇ ಹರಿದುಬರುತ್ತಿತ್ತು. ಅದನ್ನು ದಾಟುವಾಗಲೆಲ್ಲ ಮೇಸ್ತ್ರಿಯ ಅತ್ತೆ, ಎಂದರೆ ಹೆಂಡತಿಯ ತಾಯಿ, ಸೀರೆಯ ನೆರಿಗೆ ಎತ್ತಿ ಹಿಡಿದು ಹೊಳೆ ದಾಟುವವರಂತೆ ಕಾಲಿಡುತ್ತಿದ್ದರು. ದಾಟಿ ಆದ ಮೇಲೆ ಅಳಿಯನ ಕಡೆ ಒಮ್ಮೆ ನೋಡುತ್ತಿದ್ದರು. ಅದನ್ನು ಸಹಿಸುವುದಕ್ಕಿಂತ ಶಾಕ್ ಹೊಡೆಸಿಕೊಳ್ಳುವುದು ಸುಲಭವಾಗಿತ್ತು.

"ಮಾಡ್ತೀನಿ ಅಂದ್ನಲ್ಲ, ಸೈಟ್ ಕೆಲಸ ಮುಗೀಲಿ" ಎಂದು ಮೇಸ್ತ್ರಿ ಹೇಳುತ್ತಲೇ ಇದ್ದರು. ಒಂದು ಸೈಟು ಮುಗಿದರೆ ಇನ್ನೊಂದು ಸೈಟು ಏಳುತ್ತಿತ್ತು.

ಹೀಗಿರುವಾಗ ಹೆಂಡತಿಗೆ ಅದೃಷ್ಟ ಖುಲಾಯಿಸಿತು. ಎರಡು ಬೀದಿ ಆಚೆಗಿನ ಶಾಲೆಯ ಹೆಡ್‌ಮಿಸ್ ಅವಳು ಹೊಲಿದ ಅಂಗಿಯೊಂದನ್ನು ಎಲ್ಲೋ ನೋಡಿ ಮೆಚ್ಚಿ, ಇಡೀ ಶಾಲೆಯ ಯೂನಿಫಾರಂ ಹೊಲಿಯಲು ಕೊಡುವ ಯೋಚನೆಯಲ್ಲಿದ್ದಾರೆಂದು ಗೊತ್ತಾಯಿತು. ಆದರೆ ಮುಖ್ಯರಸ್ತೆಯ ಟೈಲರೂ ಅದಕ್ಕೆ ಬಾಯಿ ತೆರೆದುಕೊಂಡು ಕೂತಿದ್ದ. ಹೆಡ್‌ಮಿಸ್ ಶನಿವಾರ ಮಧ್ಯಾಹ್ನ ಬಂದು ಕೋಣೆ ನೋಡುವವರು, ಮೆಷಿನ್ನುಗಳೆಲ್ಲ ಒಟ್ಟಿಗೆ ಓಡುತ್ತವೆಯೋ ಎಂದು ಪರೀಕ್ಷಿಸುವವರು. ಓಡಿದರೆ ಕೆಲಸ ಇವಳಿಗೆ, ಇಲ್ಲದಿದ್ದರೆ ಟೈಲರಿಗೆ.

"ನೋಡಿ, ಇದೊಂದು ಕೈತಪ್ಪಿ ಹೋದ್ರೆ ನಾನು ಜನ್ಮದಲ್ಲಿ ನಿಮ್ಮನ್ನ ಕ್ಷಮಿಸಲ್ಲ" ಎಂದಳು ಹೆಂಡತಿ. ಅವಳು ಕೂಗಾಡಿದ್ದರೆ ಮೇಸ್ತ್ರಿ ಟೀ ಕುಡಿದು ಸುಮ್ಮನಿರುತ್ತಿದ್ದರು. ಅವಳು ಮೆಲ್ಲಗೆ ಹೇಳಿದಳು, ಕಣ್ಣಿನಲ್ಲಿ ನೀರೂ ಇತ್ತು. ಮೇಸ್ತ್ರಿ ಆ ಕ್ಷಣವೇ ಸೈಟಿಗೆ ರಜಾ ಹಾಕಿದರು.

ಶುಕ್ರವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಗೋಡೆಯ ಮೇಲ್ಭಾಗದ ಉದ್ದಕ್ಕೂ ತೂತುಗಳಿರುವ ತಗಡಿನ ಪಟ್ಟಿ ಬಡಿದು, ಬಾಗಿಲ ಬಳಿಯ ಮೇನ್ ಬೋರ್ಡಿನಿಂದ ಒಂದೊಂದು ಪಾಯಿಂಟಿಗೂ ಕೆಂಪು ಕಪ್ಪು ಜೋಡಿ ವೈರುಗಳನ್ನು ಹರಿಸಿ, ಜೊತೆಗೆ ಎಲ್ಲಕ್ಕೂ ಸೇರಿ ಒಂದು ಹಸಿರು ವೈರು ಎಳೆದು, ಅಂಗೈ ಅಗಲಕ್ಕೊಂದರಂತೆ ಟೈ ಬಿಗಿಯುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಬಾಲವೂ ಕತ್ತರಿಸಿ ಬಿತ್ತು. ವೈರುಗಳು ಕವಾಯತಿಗೆ ನಿಂತ ಪೊಲೀಸರ ಹಾಗೆ ಒಂದರ ಪಕ್ಕ ಒಂದು ನೆಟ್ಟಗಿದ್ದವು. ಮೇಸ್ತ್ರಿ ಸ್ಟೂಲಿನಿಂದಿಳಿದು, ಸೊಂಟದ ಮೇಲೆ ಕೈಯಿಟ್ಟು, ಹೆಂಡತಿಯನ್ನು ಕರೆದರು.

ಅವಳು ಬಂದಳು, ನೋಡಿದಳು. "ತುಂಬಾ ಚೆನ್ನಾಗಿದೆ ರೀ" ಎಂದಳು. ಮೇಸ್ತ್ರಿ ಉಬ್ಬಿಹೋದರು. "ಆದ್ರೆ ಇಸ್ತ್ರಿ ಪೆಟ್ಟಿಗೆ ಎಲ್ಲಿ ಹಾಕೋದು?"

"ಇಸ್ತ್ರಿ ಪೆಟ್ಟಿಗೆ?"

"ಮತ್ತೆ? ಹೊಲಿದ ಬಟ್ಟೆ ಮುದ್ದೆ ಮಾಡಿ ಕೊಡ್ಲಾ?"

"ಬೆಳಿಗ್ಗೆ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಬೆಳಿಗ್ಗೆ ನೀವೆಲ್ಲಿ ಕೇಳಿದ್ರಿ? 'ನಂಗೆಲ್ಲ ಗೊತ್ತು, ಪಕ್ಕಕ್ಕೆ ನಿಂತ್ಕೋ' ಅಂದ್ರಿ."

ಅದು ನಿಜವೇ ಆದ್ದರಿಂದ ಮೇಸ್ತ್ರಿ ಅದನ್ನು ಚರ್ಚಿಸಲು ಹೋಗಲಿಲ್ಲ. ಇಸ್ತ್ರಿ ಪೆಟ್ಟಿಗೆಗೆಂದು ಇನ್ನೊಂದು ಜೋಡಿ ವೈರು ಹೋಗಬೇಕು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಮೊದಲಿನ ಕಟ್ಟಿನ ಮೇಲೇ ಮಲಗಿಸಿ ಮೇಲಿಂದ ಇನ್ನೊಂದು ಟೈ ಹಾಕುತ್ತಿದ್ದರು. ಮೇಸ್ತ್ರಿಗೆ ಅದು ಹರಿದ ಬಟ್ಟೆಯ ಮೇಲೆ ತೇಪೆ ಹಾಕಿದ ಹಾಗೆ. ಅವರು ಹಲ್ಲು ಕಚ್ಚಿ ಸ್ಟೂಲು ಹತ್ತಿದರು, ಕಟ್ಟಿದ್ದನ್ನೆಲ್ಲ ಟಪ್ ಟಪ್ ಎಂದು ಕತ್ತರಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮತ್ತೆ ಮೊದಲಿನಿಂದ ಜೋಡಿಸಿ, ಬಿಗಿದು, ಬಾಲ ಕತ್ತರಿಸಿ, ಸಂಜೆಯ ಹೊತ್ತಿಗೆ ಇಳಿದರು.

"ಈಗ ನೋಡು" ಎಂದರು.

ಹೆಂಡತಿ ಈ ಸಲ ಹೆದರಿಕೊಂಡೇ ನೋಡಿದಳು. "ಚೆನ್ನಾಗಿದೆ. ಬೇಜಾರು ಮಾಡ್ಕೋಬೇಡಿ, ಅಂಚು ಹೊಲಿಯೋ ಮೆಷಿನ್ನನ್ನ ಆ ಮೂಲೇಲಿ ಇಟ್ರೆ ನಂಗೆ ಕಣ್ಣು ಕಾಣಲ್ಲ. ಕಿಟಕಿ ಹತ್ರ ಇದ್ರೆ ಬೆಳಕು ಬರುತ್ತೆ."

"ಮೂಲೇಲಿ ಇಡ್ತೀನಿ ಅಂತ ನೀನೇ ಹೇಳಿದ್ದು!"

"ಹೇಳಿದ್ದೆ. ಆಗ ಮೂಲೇಲಿ ನಿಂತು ನೋಡಿರ್ಲಿಲ್ಲ, ಈಗ ನಿಂತು ನೋಡ್ದೆ."

ಅಷ್ಟರಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನಾಟಕದ ಹಾಗೆ ನೋಡುತ್ತಿದ್ದ ಅತ್ತೆ ಗಂಟಲು ಸರಿಮಾಡಿಕೊಂಡರು. "ಹೇಗೂ ಬಿಚ್ತೀರಲ್ಲ ಅಳಿಯಂದ್ರೇ, ನನ್ನ ತಲೆ ಮೇಲೆ ಒಂದು ಫ್ಯಾನಿಗೂ ವೈರು ಎಳೆದುಬಿಡಿ. ಗುಂಡಿ ಕಟ್ಟೋ ಕೆಲಸ ನಂದಂತೆ. ಬೆವರು ಸುರಿಸ್ಕೊಂಡು ಎಷ್ಟು ಗುಂಡಿ ಕಟ್ಟಲಿ?"

"ಬಿಚ್ಚೋದಲ್ಲ ಅತ್ತೆ, ಕತ್ತರಿಸೋದು!" ಎಂದು ಮೇಸ್ತ್ರಿ ಕಿರುಚಿದರು. "ಇದು ಬಿಚ್ಚೋ ಸಾಮಾನಲ್ಲ!"

"ಏನೋ ಒಂದು. ಕತ್ತರಿಸುವಾಗ ಫ್ಯಾನ್ ನೆನಪಿಟ್ಕೊಳ್ಳಿ."

ಶನಿವಾರ ಬೆಳಿಗ್ಗೆ ಮೇಸ್ತ್ರಿ ಎರಡನೆಯ ಸಲ ಎಲ್ಲವನ್ನೂ ಕತ್ತರಿಸಿ ಕೆಳಗಿಳಿಸಿದರು. ನೆಲದ ತುಂಬ ಕತ್ತರಿಸಿದ ಟೈಗಳು, ವೈರಿನ ಸುರುಳಿಗಳು. ಅತ್ತೆ ಪೊರಕೆ ಹಿಡಿದು ಗುಡಿಸಿ, ವೈರಿನ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಸುತ್ತಿಟ್ಟರು. ಸ್ಟೂಲು ಹತ್ತುವ ಮೊದಲು ಮೇಸ್ತ್ರಿ ಇಬ್ಬರನ್ನೂ ಕೋಣೆಯ ನಡುವೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡರು. ತಲೆಮಾರುಗಳು ನೆನೆಯುವಂಥ ಭಾಷಣ ಅದು.

"ನೋಡಿ, ಇದೇ ಕೊನೆ. ಯಾರಿಗೆ ಏನು ಪಾಯಿಂಟ್ ಬೇಕೋ ಈಗಲೇ ಹೇಳಿ. ದೀಪ, ಫ್ಯಾನು, ರೇಡಿಯೋ, ಏನಾದ್ರೂ. ನಾನು ಮೇಲೆ ಹತ್ತಿದ ಮೇಲೆ ಬ್ರಹ್ಮ ಬಂದು ಕೇಳಿದ್ರೂ ಇನ್ನೊಂದು ವೈರು ಇದರೊಳಗೆ ಹೋಗಲ್ಲ. ಮರೆವು ಅನ್ನೋದು ಕಾಯಿಲೆ ಅಲ್ಲ, ಅಶಿಸ್ತು. ನಾನು ಇಷ್ಟು ವರ್ಷ ಕೆಲಸ ಮಾಡಿದ್ದೀನಿ, ಒಂದು ದಿನ ಒಂದು ವೈರು ಮರೆತದ್ದುಂಟಾ? ಯಾಕೆ ಮರೆತಿಲ್ಲ? ತಲೆ! ತಲೆ ಉಪಯೋಗಿಸ್ತೀನಿ. ನೀವಿಬ್ರೂ ಉಪಯೋಗಿಸಿ."

ಹೆಂಡತಿ ತಲೆ ಉಪಯೋಗಿಸಿದಳು. ಮೂಲೆ ಮೂಲೆಯಲ್ಲಿ ಹೋಗಿ ನಿಂತು, ಕೂತು, ಹೊಲಿದ ಹಾಗೆ ಕೈಯಾಡಿಸಿ ನೋಡಿ, "ಸಾಕು, ಇನ್ನೇನೂ ಬೇಡ" ಎಂದಳು.

"ಅತ್ತೆ, ನಿಮಗೆ?"

"ನಂಗೊಂದು ಲೋಟ ಟೀ ಸಾಕು."

ಮೇಸ್ತ್ರಿ ಹತ್ತಿದರು. ಅಂದು ಅವರ ಕೈಯಲ್ಲಿ ಏನೋ ಆವೇಶವಿತ್ತು. ಕರ್‍ರ್, ಚಕ್, ಕರ್‍ರ್, ಚಕ್. ಜೊತೆಗೆ ಬಾಯಿಯೂ ಬಿಡುವಿಲ್ಲದೆ ಓಡುತ್ತಿತ್ತು. ಹೆಂಗಸರ ಮರೆವಿನ ಬಗ್ಗೆ, ಇಂಜಿನಿಯರುಗಳ ಮರೆವಿನ ಬಗ್ಗೆ, ಮದುವೆಯ ದಿನ ಷೂ ಮರೆತು ಬಂದ ತಮ್ಮ ಭಾವಮೈದುನನ ಮರೆವಿನ ಬಗ್ಗೆ ಅವರು ಮೇಲಿನಿಂದ ಪ್ರವಚನ ಕೊಡುತ್ತಲೇ ಇದ್ದರು. ಹಿಂದಿನ ಎರಡು ಸಲಕ್ಕಿಂತ ಒತ್ತೊತ್ತಾಗಿ, ಅರ್ಧ ಅಂಗೈಗೊಂದರಂತೆ ಬಿಗಿದರು. ಮನೆಯಲ್ಲಿದ್ದ ಟೈಗಳ ಪೊಟ್ಟಣಗಳೆಲ್ಲ ಖಾಲಿಯಾದವು. ಹಿಂಜೇಬಿನ ಕಟ್ಟೂ ಕರಗಿತು. ಕಟ್ಟಕಡೆಯ ಟೈಯನ್ನು ಫ್ಯಾನಿನ ತಿರುವಿನಲ್ಲಿ ಬಿಗಿದು ಬಾಲ ಕತ್ತರಿಸಿದಾಗ ಮಧ್ಯಾಹ್ನವಾಗಿತ್ತು. ಕೆಳಗೆ ನಿಂತು ನೋಡಿದರೆ ಕಣ್ಣಿಗೆ ಹಬ್ಬ. ಹಾಕಿ ನೋಡಿದ ದೀಪ ಉರಿಯಿತು, ಫ್ಯಾನು ತಿರುಗಿತು. ಮೇಸ್ತ್ರಿಗೆ ತಮ್ಮ ಕೆಲಸದ ಮೇಲೆ ತಮಗೇ ದೃಷ್ಟಿ ತಾಗೀತು ಎನ್ನಿಸಿತು.

ಹೆಂಡತಿ ಬೇಗ ಬೇಗ ನೆಲ ಒರೆಸಿ, ಮೆಷಿನ್ನುಗಳನ್ನು ಜಾಗಕ್ಕೆ ತಳ್ಳಿ, ಮಾದರಿಗೆಂದು ಹೊಲಿದ ಅಂಗಿ ಚಡ್ಡಿಗಳನ್ನು ಮಡಿಸಿಟ್ಟಳು. ಅಷ್ಟರಲ್ಲಿ ಹೆಡ್‌ಮಿಸ್ ಬಂದೇಬಿಟ್ಟರು. ಸಣಕಲು ದೇಹ, ದೊಡ್ಡ ಕನ್ನಡಕ. ಎದುರಿಗೆ ಯಾರು ನಿಂತರೂ ಅವರನ್ನು ಮೂರನೇ ಕ್ಲಾಸಿನವರೆಂದೇ ತಿಳಿದು ಮಾತಾಡುವ ಅಭ್ಯಾಸ. ಒಳಗೆ ಕಾಲಿಟ್ಟವರೇ ಕತ್ತೆತ್ತಿ ನೋಡಿ, "ಯಾರು ಕಟ್ಟಿದ್ದು ಇದನ್ನ? ನೀಟಾಗಿದೆ" ಎಂದರು.

"ನಾನೇ ಮೇಡಂ" ಎಂದರು ಮೇಸ್ತ್ರಿ, ಕೈಕಟ್ಟಿಕೊಂಡು.

ಆ ಶುಭಗಳಿಗೆಯಲ್ಲಿ ಅತ್ತೆ ತಮ್ಮ ಕುರ್ಚಿಯಿಂದ ಎದ್ದರು. ಎದ್ದು, ಅಲ್ಲಿಯವರೆಗೆ ಮೆತ್ತೆಯಂತೆ ಬೆನ್ನಿಗೆ ಒತ್ತಿಕೊಂಡಿದ್ದ ಒಂದು ಸುರುಳಿಯನ್ನು ಕೈಗೆ ತೆಗೆದುಕೊಂಡರು.

"ಅಳಿಯಂದ್ರೇ, ಈ ಹಸಿರು ವೈರು ಮಿಕ್ಕಿದ್ಯಲ್ಲ, ಬೇಡದಿದ್ರೆ ನಂಗೆ ಕೊಡಿ. ಹಿತ್ತಲಲ್ಲಿ ಬಟ್ಟೆ ಒಣಗಿಸೋಕೆ ಆಗುತ್ತೆ."

ಮೇಸ್ತ್ರಿ ಸುರುಳಿಯನ್ನು ನೋಡಿದರು. ಮೇಲೆ ತಮ್ಮ ಕಟ್ಟನ್ನು ನೋಡಿದರು. ಕೆಂಪು ಇತ್ತು, ಕಪ್ಪು ಇತ್ತು. ಹಸಿರು ಇರಲಿಲ್ಲ. ಪ್ಲಗ್ಗಿನ ಪೆಟ್ಟಿಗೆಗಳ ಒಳಗೆ ಹಸಿರಿನ ಗಿಡ್ಡ ತುಂಡುಗಳು ಶುಕ್ರವಾರದಿಂದಲೇ ಕೂತಿದ್ದವು. ಅವನ್ನೆಲ್ಲ ಕೂಡಿಸಿ ನೆಲಕ್ಕೆ ಸೇರಿಸಬೇಕಾದ ಉದ್ದನೆಯ ವೈರು, ಎಂದೂ ಏನೂ ಮರೆಯದ ಮೇಸ್ತ್ರಿಯ ಅತ್ತೆಗೆ ದಿಂಬಾಗಿತ್ತು.

ಹಸಿರು ವೈರು ಇಲ್ಲದಿದ್ದರೂ ದೀಪ ಉರಿಯುತ್ತದೆ, ಮೆಷಿನ್ನೂ ಓಡುತ್ತದೆ. ಅದರ ಕೆಲಸ ಬೇರೆ. ಮೆಷಿನ್ನಿನ ಕಬ್ಬಿಣದ ಮೈಗೆ ಅಪ್ಪಿತಪ್ಪಿ ಕರೆಂಟು ಹತ್ತಿದರೆ ಅದನ್ನು ತೆಪ್ಪಗೆ ನೆಲಕ್ಕೆ ಒಯ್ದುಬಿಡುವುದು ಅದು. ಅದು ಇಲ್ಲವಾದರೆ ಕರೆಂಟು ಮುಟ್ಟಿದವರ ಮೈಮೇಲೇ ದಾರಿ ಮಾಡಿಕೊಳ್ಳುತ್ತದೆ. ಇದು ಮೇಸ್ತ್ರಿಗೆ ಗೊತ್ತಿತ್ತು. ಕೋಣೆಯಲ್ಲಿದ್ದ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆ ಎರಡನೆಯ ವಿಷಯವೇ ಅವರನ್ನು ಪೇಚಿಗೆ ಸಿಕ್ಕಿಸಿತು. 'ಸುಮ್ಮನಿರು, ಹೆಡ್‌ಮಿಸ್ ನೋಡಿಕೊಂಡು ಹೋಗಲಿ, ಹೋದ ಮೇಲೆ ಸರಿಮಾಡಿದರಾಯಿತು' ಎಂದು ಒಳಗಿನಿಂದ ಒಬ್ಬ ಪಿಸುಗುಟ್ಟಿದ. ಮೇಸ್ತ್ರಿ ಅವನ ಮಾತು ಕೇಳಿ, "ಒಣಗಿಸ್ಕೊಳ್ಳಿ ಅತ್ತೆ" ಎಂದುಬಿಟ್ಟರು.

ಅತ್ತೆ ಖುಷಿಯಿಂದ ಹಿತ್ತಲ ಕಡೆ ಹೊರಟರು. ಹೆಂಡತಿ "ಓಡಿಸಿ ತೋರಿಸ್ತೀನಿ ಮೇಡಂ" ಎನ್ನುತ್ತ ಮೆಷಿನ್ನಿನ ಕಡೆ ಹೊರಟಳು. ಒರೆಸಿದ ನೆಲ ಇನ್ನೂ ಒದ್ದೆ. ಅವಳ ಕಾಲಲ್ಲಿ ಚಪ್ಪಲಿ ಇಲ್ಲ. ಒಂದು ಕೈ ಮೆಷಿನ್ನಿನ ಕಬ್ಬಿಣದ ಬೆನ್ನ ಮೇಲೆ ಇಟ್ಟು, ಇನ್ನೊಂದನ್ನು ಸ್ವಿಚ್ಚಿನ ಕಡೆ ಚಾಚಿದಳು. ಮುಖದ ಮೇಲೆ ಹೊಸ ಕೆಲಸದ ಕಳೆ. ಆಗ ಆದಷ್ಟು ಭಯ ಮೇಸ್ತ್ರಿಗೆ ಯಾವ ಎತ್ತರದ ಸೈಟಿನಲ್ಲೂ ಆಗಿರಲಿಲ್ಲ.

"ಮುಟ್ಬೇಡ!"

ಗೋಡೆ ಅದುರುವ ಹಾಗೆ ಕೂಗಿದ್ದರು. ಹೆಂಡತಿ ಹಿಂದಕ್ಕೆ ನೆಗೆದಳು. ಹೆಡ್‌ಮಿಸ್ಸಿನ ಕನ್ನಡಕ ಮೂಗಿನ ತುದಿಗೆ ಜಾರಿತು. ಹಿತ್ತಲಿಗೆ ಹೋಗಿದ್ದ ಅತ್ತೆ ಹಸಿರು ಸುರುಳಿಯ ಸಮೇತ ಓಡಿಬಂದರು.

"ಏನಾಯ್ತು ರೀ?"

"ಏನಿಲ್ಲ. ಒಂದು ವೈರು…" ಮೇಸ್ತ್ರಿಯ ದನಿ ಸ್ಟೂಲಿನ ಕೆಳಗೆ ಹೋಗಿ ಕೂತುಕೊಂಡಿತು. "ಒಂದು ವೈರು ಮರೆತಿದ್ದೀನಿ."

ಎರಡು ದಿನದಿಂದ ಕೇಳಿದ ಪ್ರವಚನಗಳಲ್ಲಿ ಯಾವುದನ್ನು ಬೇಕಾದರೂ ಹೆಂಡತಿ ಈಗ ತಿರುಗಿಸಿ ಹೇಳಬಹುದಿತ್ತು. ಅವಳು ಹೇಳಲಿಲ್ಲ. ಹೇಳಿಬಿಟ್ಟಿದ್ದರೇ ಚೆನ್ನಾಗಿತ್ತು ಎಂದು ಮೇಸ್ತ್ರಿಗೆ ಅನ್ನಿಸಿತು. ಅತ್ತೆಗೆ ಅಂಥ ಸಂಕೋಚ ಇರಲಿಲ್ಲ. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ಸೀಲಿಂಗಿಗೆ ಹೇಳಿದರು.

"ಮರೆತಿದ್ದನ್ನ ಎದ್ದು ನಿಂತು ಒಪ್ಕೊಂಡ್ರಲ್ಲ, ಒಳ್ಳೇದು" ಎಂದರು ಹೆಡ್‌ಮಿಸ್. "ಈಗ ಸರಿ ಮಾಡಿ. ನಾನು ಸಂಜೆಯೊಳಗೆ ಆ ಟೈಲರ್ ಅಂಗಡೀನೂ ನೋಡ್ಬೇಕು. ಇಲ್ಲಿ ಆಗಲ್ಲ ಅಂದ್ರೆ ಈಗಲೇ ಹೇಳಿ."

"ಆಗುತ್ತೆ ಮೇಡಂ!" ಎಂದಳು ಹೆಂಡತಿ.

ಮೇಸ್ತ್ರಿ ಮೇನ್ ಆರಿಸಿ ಸ್ಟೂಲು ಹತ್ತಿದರು. ತಾವೇ ಬಿಗಿದ ಟೈಗಳನ್ನು ಒಂದೊಂದಾಗಿ ಕತ್ತರಿಸುವಾಗ ಅವರ ಕರುಳಿಗೇ ಕತ್ತರಿ ಹಾಕಿದಂತಾಗುತ್ತಿತ್ತು. ಹಸಿರು ವೈರನ್ನು ಅತ್ತೆಯ ಕೈಯಿಂದ ಬಿಡಿಸಿಕೊಂಡು (ಅವರು ಅಷ್ಟು ಸುಲಭಕ್ಕೆ ಬಿಡಲಿಲ್ಲ) ಉದ್ದಕ್ಕೂ ಎಳೆದು, ತುದಿಗಳನ್ನು ಕೂಡಿಸಿದರು. ಆಮೇಲೆ ಕೈ ತಾನಾಗಿಯೇ ಹಿಂಜೇಬಿಗೆ ಹೋಯಿತು. ಜೇಬು ಖಾಲಿ. ಪೊಟ್ಟಣಗಳು ಖಾಲಿ. ಸಾಮಾನಿನ ಅಂಗಡಿ ಶನಿವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತದೆ. ವೈರುಗಳೆಲ್ಲ ತಗಡಿನ ಪಟ್ಟಿಯಿಂದ ಜಾರಿ, ಹೊಟ್ಟೆ ಬಿಟ್ಟುಕೊಂಡು, ಕೋಣೆಯ ತುಂಬ ಜೋತಾಡತೊಡಗಿದವು. ಮೇಸ್ತ್ರಿ ಎರಡು ಕೈಯಲ್ಲೂ ಅವನ್ನು ತಬ್ಬಿ ಹಿಡಿದು, ಸ್ಟೂಲಿನ ಮೇಲೆ ಅಲುಗಾಡಲಾರದೆ ನಿಂತರು.

"ಕಟ್ಟೋಕೆ ಏನೂ ಇಲ್ಲ ಕಣೇ" ಎಂದರು. "ನಿನ್ನ ಕೆಲಸ ನಾನೇ ಹಾಳುಮಾಡ್ಬಿಟ್ಟೆ." ನಿಜವಾಗಿಯೂ ಅವರಿಗೆ ಅಳು ಬಂದಿತ್ತು.

ಹೆಂಡತಿ ಕಪಾಟಿನಿಂದ ಒಂದು ದೊಡ್ಡ ಉಂಡೆ ತೆಗೆದಳು. ಶಾಲೆಯ ಆಟದ ಚಡ್ಡಿಗಳಿಗೆಂದು ತಂದಿಟ್ಟ ಬಿಳಿ ಲಾಡಿ. ಕಚಕಚ ಕತ್ತರಿಸಿ ತುಂಡು ಮಾಡಿದಳು.

"ಇದೇನಿದು? ವೈರಿಗೆ ಲಾಡೀನಾ?" ಮೇಸ್ತ್ರಿಯ ಅಳು ಹಾರಿಹೋಯಿತು. "ಯಾರಾದ್ರೂ ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆ ಉಳಿಸೋಕೇ ರೀ ಲಾಡಿ ಇರೋದು" ಎಂದಳು ಹೆಂಡತಿ, ಇನ್ನೊಂದು ಸ್ಟೂಲು ಎಳೆದುಕೊಳ್ಳುತ್ತ.

ಹೆಡ್‌ಮಿಸ್ಸಿಗೆ ಜೋರಾಗಿ ಕೆಮ್ಮು ಬಂತು. ಕೆಮ್ಮು ಮುಗಿದ ಮೇಲೆ ಅವರು ಕೈಚೀಲ ಕೆಳಗಿಟ್ಟು, ತಾವೇ ಬಂದು ಹೆಂಡತಿಯ ಸ್ಟೂಲಿನ ಕಾಲು ಹಿಡಿದುಕೊಂಡರು.

"ಸೋಮವಾರ ಟೈ ತಂದು ಬದಲಾಯಿಸ್ಬೇಕು, ಬಟ್ಟೆ ಖಾಯಂ ಇರ್ಬಾರ್ದು" ಎಂದು ಮೇಸ್ತ್ರಿ ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿ ತೂತಿನೊಳಗೆ ಲಾಡಿ ತೂರಿಸಿ, ವೈರುಗಳನ್ನು ಬಳಸಿ, ಎಳೆದರೆ ಬಿಚ್ಚುವ ಜೀರುಗಂಟು ಹಾಕುತ್ತ ಹೋದಳು. ಅಳತೆಪಟ್ಟಿ ಹಿಡಿಯದೆಯೇ ಗಂಟುಗಳ ನಡುವಿನ ಅಂತರ ಒಂದೇ ಸಮ ಇತ್ತು. ಅಂಗಿಗೆ ಗುಂಡಿ ಇಟ್ಟು ಇಟ್ಟು ಅವಳ ಕಣ್ಣಿಗೇ ಅಳತೆ ಕೂತಿತ್ತು. ಮೇಸ್ತ್ರಿ ವೈರು ತಬ್ಬಿಕೊಂಡು, ಅವಳು ಕಟ್ಟಿದಷ್ಟು ಬಿಡುತ್ತ, ಒಂದೊಂದೇ ಹೆಜ್ಜೆ ಸ್ಟೂಲು ಸರಿಸಿಕೊಂಡು ಹಿಂದೆ ಹೋದರು.

ಅರ್ಧ ಗೋಡೆ ಆಗಿತ್ತು. ಕೆಳಗಿನಿಂದ ಹೆಡ್‌ಮಿಸ್ ಸುತ್ತಲೂ ನೋಡಿ, "ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಒಂದು ದೀಪ ಇದ್ದಿದ್ರೆ ಚೆನ್ನಾಗಿತ್ತು, ಅಲ್ವಾ?" ಎಂದರು.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು. ಮತ್ತೆ ಮೊದಲಿನಿಂದ! ಆದರೆ ಕಣ್ಣು ತೆರೆಯುವಷ್ಟರಲ್ಲಿ ಹೆಂಡತಿ ಲಾಡಿಗಳ ಬಾಲ ಸರ್‍ರನೆ ಎಳೆದು ಗಂಟು ಬಿಚ್ಚಿ, "ಒಂದು ಜೋಡಿ ಕೊಡಿ ರೀ" ಎಂದು ಕೈ ಚಾಚಿದ್ದಳು. ಅವರು ಕೊಟ್ಟರು. ಅವಳು ಅದನ್ನೂ ಸೇರಿಸಿ ಮತ್ತೆ ಕಟ್ಟಿದಳು. ಜಗಳ ಆಗಲಿಲ್ಲ, ಭಾಷಣ ಆಗಲಿಲ್ಲ, ಒಂದು ಲಾಡಿಯೂ ಹಾಳಾಗಲಿಲ್ಲ.

ಕೆಲಸ ಮುಗಿಯಿತು. ಮೇಸ್ತ್ರಿ ಹಸಿರು ವೈರನ್ನು ತುದಿಯಿಂದ ತುದಿಗೆ ಮುಟ್ಟಿ ಮುಟ್ಟಿ ನೋಡಿ, ಮೀಟರು ಹಿಡಿದು ಪರೀಕ್ಷಿಸಿ, ಮೇನ್ ಹಾಕಿದರು. ಮೆಷಿನ್ನನ್ನು ಮೊದಲು ತಾವೇ ಮುಟ್ಟಿದರು. ಆಮೇಲೆ ಹೆಂಡತಿಗೆ "ಈಗ ಮುಟ್ಟು" ಎಂದರು. ಎಲ್ಲ ಮೆಷಿನ್ನುಗಳೂ ಒಟ್ಟಿಗೆ ಓಡಿದವು, ಇಸ್ತ್ರಿ ಪೆಟ್ಟಿಗೆ ಕಾಯಿತು, ಅತ್ತೆಯ ತಲೆಯ ಮೇಲೆ ಫ್ಯಾನು ತಿರುಗಿತು. ಗೋಡೆಯ ಮೇಲೆ ಉದ್ದಕ್ಕೂ ಲಾಡಿಯ ಬಿಳಿ ಕುಚ್ಚುಗಳು ಆ ಗಾಳಿಗೆ ತಲೆಯಾಡಿಸುತ್ತಿದ್ದವು.

ಹೆಡ್‌ಮಿಸ್ ಅಂಗಿ ಚಡ್ಡಿಗಳನ್ನು ತಿರುಗಿಸಿ ನೋಡಲೇ ಇಲ್ಲ. ಗೋಡೆಯನ್ನೇ ನೋಡುತ್ತ, "ಟೈಲರ್ ಅಂಗಡಿಗೆ ಇನ್ನು ಹೋಗಲ್ಲ" ಎಂದರು. "ಯೂನಿಫಾರಂ ಎಲ್ಲಾ ಇಲ್ಲೇ." ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಸ್ತ್ರಿಗೆ ಎರಡು ದಿನದ ಭಾರ ಇಳಿದು ಹಗುರವಾಯಿತು.

ಬಾಗಿಲವರೆಗೆ ಹೋದ ಹೆಡ್‌ಮಿಸ್ ತಿರುಗಿ ನಿಂತರು. "ಇನ್ನೊಂದು ವಿಷಯ. ನಮ್ಮ ಶಾಲೆ ಕಂಪ್ಯೂಟರ್ ಕೋಣೇಲಿ ಆ ಸಣ್ಣ ಸಣ್ಣ ವೈರುಗಳೆಲ್ಲ ಕಾಲಿಗೆ ತೊಡರ್‍ತಾವೆ. ವಾರಕ್ಕೊಮ್ಮೆ ಒಂದು ಹೊಸದು ಸೇರುತ್ತೆ. ಯಾರಾದ್ರೂ ಅಚ್ಚುಕಟ್ಟಾಗಿ ಕಟ್ಟಿಕೊಡೋರು ಬೇಕಿತ್ತು."

ಮೇಸ್ತ್ರಿ ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದರು. ಒಂದು ಶಾಲೆ! ಇಡೀ ಕೋಣೆ! "ಯಾವತ್ತು ಬರ್ಲಿ ಮೇಡಂ?"

"ಬುಧವಾರ ಇವರನ್ನ ಕಳಿಸಿ" ಎಂದು ಹೆಡ್‌ಮಿಸ್ ಹೆಂಡತಿಯ ಕಡೆ ಕೈ ತೋರಿಸಿದರು. "ನೀವೂ ಜೊತೆಗೆ ಬನ್ನಿ. ನಮ್ಮ ಸೀಲಿಂಗು ಎತ್ತರ, ಏಣಿ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕು."

ಮೇಸ್ತ್ರಿ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡರು. ಹೆಂಡತಿ ನಗು ತಡೆಯಲಾಗದೆ ಮೆಷಿನ್ನಿನ ಮೇಲೆ ಬಗ್ಗಿಕೊಂಡಳು. ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಿದ್ದ ಅತ್ತೆ ಮಾತ್ರ ನಗಲಿಲ್ಲ.

"ಗಟ್ಟಿಯಾಗಿ ಹಿಡ್ಕೊಳ್ಳಿ ಅಳಿಯಂದ್ರೇ" ಎಂದರು. "ಮೇಲಿರೋದು ನನ್ನ ಮಗಳು."